ಒಣ ಚಮಚ

ಹೋದ ವರ್ಷದ ಕ್ರಿಸ್‌ಮಸ್ ಹಿಂದಿನ ಸಂಜೆ ಆದ ಅವಮಾನವನ್ನು ಮುದುಕ ಓರೆಸ್ಟ್ ಮರೆತಿರಲಿಲ್ಲ. ಅವಮಾನ ಮಾಡಿದವರು ಬೇರೆ ಯಾರೂ ಅಲ್ಲ, ಅವನೇ, ತನ್ನ ಕೈಯಾರೆ. ಅವನ ಸಮುದಾಯದವರ ಮನೆಗಳಲ್ಲಿ ಹಳೆಯ ಪಂಚಾಂಗದ ಪ್ರಕಾರ ಜನವರಿ ಆರರ ಸಂಜೆ, ಮೊದಲ ನಕ್ಷತ್ರ ಕಂಡ ಮೇಲೆಯೇ ಹಬ್ಬದ ಊಟ. ಊಟಕ್ಕೆ ಮೊದಲು ಮನೆಯ ಹಿರಿಯ ಗೋಧಿ ಹುಗ್ಗಿಯ ಬಟ್ಟಲು ಹಿಡಿದು ಮೇಜಿನ ಸುತ್ತ ಬರಬೇಕು. ಜೇನು, ಗಸಗಸೆ ಹಾಕಿದ ಆ ಹುಗ್ಗಿಯನ್ನು ಒಂದೇ ಬಟ್ಟಲಿನಿಂದ ಎಲ್ಲರಿಗೂ ಒಂದೊಂದು ಚಮಚ ಕೊಡಬೇಕು. ಒಬ್ಬರನ್ನೂ ಬಿಡುವ ಹಾಗಿಲ್ಲ. ಸತ್ತವರಿಗೆಂದು ಇಟ್ಟ ತಟ್ಟೆಗೂ ಒಂದು ಚಮಚ ಬೀಳಬೇಕು. ಅಂದು ಓರೆಸ್ಟ್ ಮಗಳು ಲೆಸ್ಯಾಗೆ ಕೊಟ್ಟ, ತಾನು ತಿಂದ, ತೀರಿಹೋದ ಹೆಂಡತಿ ಸ್ಟೆಫಾಳ ತಟ್ಟೆಗೆ ಬಡಿಸಿದ. ಮೊಮ್ಮಗ ಮಾರ್ಕೊನ ಕುರ್ಚಿಯ ಮುಂದೆ ಬಂದಾಗ ಕೈ ಅಲ್ಲೇ ನಿಂತಿತು. ಮಗುವಿನ ಪಕ್ಕದಲ್ಲಿ ಪಂಪು ತನ್ನ ಪಾಡಿಗೆ ಹಾಲಿನ ಬಣ್ಣದ ಪೌಷ್ಟಿಕ ದ್ರವವನ್ನು ನಳಿಗೆಯಲ್ಲಿ ನೇರವಾಗಿ ಹೊಟ್ಟೆಗೆ ಇಳಿಸುತ್ತಿತ್ತು. ಓರೆಸ್ಟ್ ಬಟ್ಟಲು ತೆಗೆದುಕೊಂಡು ಹೋಗಿ ಒಲೆಯ ಮೇಲಿಟ್ಟ.

"ಸತ್ತೋಳಿಗೆ ಸಿಕ್ತು, ಬದುಕಿರೋನಿಗೆ ಸಿಗ್ಲಿಲ್ಲ," ಎಂದ. "ಇದೆಂಥ ಹಬ್ಬಾನೇ, ಲೆಸ್ಯಾ?"

"ಅಪ್ಪಾ, ಸುಮ್ನೆ ಊಟ ಮಾಡು. ಅವನಿಗೇನೂ ಗೊತ್ತಾಗಲ್ಲ."

"ನಂಗೆ ಗೊತ್ತಾಗತ್ತಲ್ಲ."

ಬರುವ ವರ್ಷ ಈ ಹುಡುಗನ ಬಾಯಿಗೆ ಹುಗ್ಗಿ ಹಾಕಿಯೇ ತೀರುತ್ತೇನೆ ಎಂದು ಅವನು ಅಂದು ನಿರ್ಧರಿಸಿದ. ಓರೆಸ್ಟ್ ಒಮ್ಮೆ ನಿರ್ಧರಿಸಿದ ಮೇಲೆ ಮ್ಯಾನಿಟೋಬಾ ಪ್ರಾಂತ್ಯದ ಕೊರೆಯುವ ಚಳಿಗಾಲವೇ ಅಡ್ಡ ಬಂದರೂ ಜಗ್ಗುವ ಆಸಾಮಿಯಲ್ಲ. ಅದು ಅವನ ಒಳ್ಳೆಯ ಗುಣ ಎಂದು ಊರೆಲ್ಲ ಹೇಳುತ್ತಿತ್ತು. ಒಳ್ಳೆಯ ಗುಣಗಳೂ ಮನೆ ಹಾಳು ಮಾಡುತ್ತವೆ ಎಂಬುದನ್ನು ಯಾರೂ ಹೇಳಿರಲಿಲ್ಲ.

ಮಾರ್ಕೊ ದಿನ ತುಂಬುವ ಮೊದಲೇ ಹುಟ್ಟಿದವನು. ಹುಟ್ಟುವಾಗ ಉಸಿರು ಕಟ್ಟಿ, ಗಂಟಲಿನ ನರಗಳು ಸೊರಗಿಹೋಗಿದ್ದವು. ಈಗ ಅವನಿಗೆ ನಾಲ್ಕು ವರ್ಷ. ನಡೆಯುತ್ತಿದ್ದ, ನಗುತ್ತಿದ್ದ, ಆಡುವ ನಾಲ್ಕು ಮಾತಿನಲ್ಲಿ ಒಂದು 'ಈದೊ'. ಆ ಕಡೆಯ ಮಕ್ಕಳೆಲ್ಲ ತಾತನನ್ನು ಗೀದೊ ಎನ್ನುತ್ತಾರೆ. 'ಗ' ಎನ್ನುವಷ್ಟು ಶಕ್ತಿ ಮಾರ್ಕೊನ ಗಂಟಲಿಗೆ ಇರಲಿಲ್ಲ. ಅವನಪ್ಪ ಉತ್ತರದ ಗಣಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ, ಅವನ ಸುದ್ದಿ ಇಲ್ಲಿ ಬೇಡ. ಲೆಸ್ಯಾ ವೃದ್ಧಾಶ್ರಮದಲ್ಲಿ ದುಡಿಯುತ್ತಿದ್ದಳು. ಹೀಗಾಗಿ ಹುಡುಗನನ್ನು ಥೆರಪಿಗೆ ಕರೆದುಕೊಂಡು ಹೋಗುವ ಕೆಲಸ ಓರೆಸ್ಟ್‌ನ ಪಾಲಿಗೆ ಬಂತು.

ಥೆರಪಿಸ್ಟ್ ರೊಶೆಲ್ ದೆಜಾರ್ಲೆ ನಡುವಯಸ್ಸಿನ ಹೆಂಗಸು, ನಕ್ಕರೆ ಕೋಣೆಯೆಲ್ಲ ಕೇಳಬೇಕು. ಮಕ್ಕಳಿಗೆ ತಿನ್ನುವುದನ್ನು, ನುಂಗುವುದನ್ನು ಕಲಿಸುವುದೇ ಅವಳ ವೃತ್ತಿ.

"ನುಂಗೋದ್ ಕಲ್ಸಕ್ಕೂ ಕಾಲೇಜಿದ್ಯೇನಮ್ಮಾ?" ಎಂದು ಓರೆಸ್ಟ್ ಮೊದಲ ದಿನವೇ ಕೆಣಕಿದ್ದ. "ನಮ್ಮ ಪಾದ್ರಿ ಯಾವ್ ಕಾಲೇಜಿಗೂ ಹೋಗ್ದೆ ಎಷ್ಟ್ ಚೆನ್ನಾಗಿ ನುಂಗ್ತಾನೆ ಗೊತ್ತಾ?"

"ಅವ್ರನ್ನೂ ಕರ್ಕೊಂಬನ್ನಿ ಗೀದೊ. ನಿಲ್ಸೋದು ಹೆಂಗೇಂತ ಕಲಿಸ್ತೀನಿ," ಎಂದಿದ್ದಳು ರೊಶೆಲ್.

ಕೆಲಸ ಮಾತ್ರ ತಮಾಷೆಯದಾಗಿರಲಿಲ್ಲ. ಹುಟ್ಟಿದಾಗಿನಿಂದ ಬಾಯಿಗೆ, ಮೂಗಿಗೆ ನಳಿಗೆ ತುರುಕಿಸಿಕೊಂಡ ಮಗು ಅದು. ಮುಖದ ಹತ್ತಿರ ಏನು ಬಂದರೂ ನೋವೇ ಬಂತು ಎಂದು ತಿಳಿಯುತ್ತಿತ್ತು. ಚಮಚ ಕಂಡರೆ ತುಟಿ ಬಿಗಿದುಕೊಂಡು ಓಕರಿಸುತ್ತಿತ್ತು. ಅದಕ್ಕೇ ರೊಶೆಲ್ ಶುರು ಮಾಡಿದ್ದು ಒಣ ಚಮಚದಿಂದ. ಚಮಚದಲ್ಲಿ ಏನೂ ಇಲ್ಲ. ಮೊದಲು ಅದು ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ, ಆಮೇಲೆ ಮಗುವಿನ ಕೈಗೆ ಬರುತ್ತದೆ, ಆಮೇಲೆ ಕೆನ್ನೆಗೆ, ತುಟಿಗೆ. ಒಣ ಚಮಚ ಬಾಯೊಳಗೆ ಹೋಗಿ ಬಂದರೂ ಕೇಡೇನೂ ಆಗುವುದಿಲ್ಲ ಎಂಬ ನಂಬಿಕೆ ಮಗುವಿಗೆ ಹುಟ್ಟಬೇಕು. ಆ ನಂಬಿಕೆ ಹುಟ್ಟುವುದಕ್ಕೆ ಹಿಮ ಕರಗಿ ನೆಲ ಕಾಣುವಷ್ಟು ಕಾಲ ಹಿಡಿಯಿತು. ಓರೆಸ್ಟ್ ಬೇಸರವಿಲ್ಲದೆ ಮನೆಯಲ್ಲಿ ಮೂರು ಹೊತ್ತೂ ಮಗುವಿನ ಮುಂದೆ ಕೂತ. ತಾನೂ ಒಂದು ಒಣ ಚಮಚ ಬಾಯಿಗಿಟ್ಟು, "ಆಹಾ, ಏನ್ ರುಚಿ! ಉಪ್ಪು ಸ್ವಲ್ಪ ಕಮ್ಮಿ," ಎನ್ನುತ್ತಿದ್ದ. ಲೆಸ್ಯಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು ಆಗಲೇ.

ಒಂದು ಬೆಳಿಗ್ಗೆ ಮಾರ್ಕೊ ಚಮಚ ಬರುವ ಮೊದಲೇ ಬಾಯಿ ತೆರೆದ. ಓರೆಸ್ಟ್ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಗಳಗಳನೆ ಅತ್ತ.

ವಿನ್ನಿಪೆಗ್ ನಗರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಿಡಿದು ನುಂಗಿಸಿ ನೋಡಿದರು. ಗಟ್ಟಿಯಾಗಿ, ನುಣ್ಣಗೆ ಮಾಡಿದ ಸಾರಿನ ಕೆಲವು ಚಮಚಗಳು ಸರಿಯಾದ ದಾರಿಯಲ್ಲೇ ಇಳಿದವು. ರೊಶೆಲ್ ಅಪ್ಪಣೆ ಕೊಟ್ಟಳು, ಜೊತೆಗೆ ನಿಯಮವನ್ನೂ ಹೇಳಿದಳು.

"ಸ್ವಲ್ಪ ಸ್ವಲ್ಪ ಮಾತ್ರ, ಗೀದೊ. ಇವನ ಗಂಟಲು ಬೇಗ ದಣಿಯತ್ತೆ. ಕಣ್ಣಲ್ಲಿ ನೀರ್ ಬಂದ್ರೆ ನಿಲ್ಸಿ, ಕೆಮ್ಮಿದ್ರೆ ನಿಲ್ಸಿ. ಆದ್ರೆ ನೆತ್ತಿಗೆ ಹತ್ತಿದ್ರೆ ನಾವ್ ಕೆಮ್ಮೋ ಹಾಗೆ ಇವ್ನು ಕೆಮ್ಮದೇನೂ ಇರ್ಬಹುದು. ಅದಕ್ಕೇ ಆಗಾಗ 'ಆ' ಅನ್ನಿಸಿ. ಸ್ವರ ತಿಳಿಯಾಗಿದ್ರೆ ಮುಂದಿನ ಚಮಚ. ಗೊಳಗೊಳ ಅಂದ್ರೆ ಅಲ್ಲಿಗೆ ಊಟ ಮುಗೀತು."

"ಗೊಳಗೊಳ ಅಂದ್ರೆ ಹೆಂಗೆ?"

ಅವಳು ಒಂದು ಗುಟುಕು ನೀರು ಗಂಟಲಲ್ಲಿ ನಿಲ್ಲಿಸಿಕೊಂಡು "ಆ" ಎಂದು ತೋರಿಸಿದಳು. ಓರೆಸ್ಟ್ ಬಿದ್ದು ಬಿದ್ದು ನಕ್ಕ. ಎಲ್ಲ ಕೇಳಿಸಿತ್ತು, ಎಲ್ಲ ಅರ್ಥವಾಗಿತ್ತು. ಆಗ ಅವನ ಕಿವಿಯಲ್ಲಿ ಮೆಷಿನ್ನುಗಳಿದ್ದವು.

ಅವನ ಕಿವಿಯ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ರೈಲು ಹಳಿಯ ಪಕ್ಕದ ಧಾನ್ಯದ ಕಣಜದಲ್ಲಿ, ಗೋಧಿ ಒಣಗಿಸುವ ಫ್ಯಾನುಗಳ ಬುಡದಲ್ಲೇ ಆಯುಷ್ಯ ಕಳೆದವನು. ಕಣಜ ಮುಚ್ಚುವ ಹೊತ್ತಿಗೆ ಕಿವಿಯೂ ಮುಚ್ಚಿತ್ತು. ಸ್ಟೆಫಾ ಹಟ ಹಿಡಿದು ಮೆಷಿನ್ನು ಹಾಕಿಸಿದ್ದಳು. ಆದರೆ ಅದನ್ನು ಹಾಕಿಕೊಂಡು ಊಟಕ್ಕೆ ಕೂತರೆ ಚಮಚ, ತಟ್ಟೆಗಳ ಸದ್ದು ತಲೆಯೊಳಗೆ ಮೊಳೆ ಹೊಡೆದ ಹಾಗೆ ಕೇಳುತ್ತಿತ್ತು. ಅದಕ್ಕೇ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಅವನ ಕೈ ತಾನಾಗಿ ಕಿವಿಗೆ ಹೋಗಿ, ಮೆಷಿನ್ನುಗಳು ಅಂಗಿಯ ಜೇಬಿಗೆ ಇಳಿಯುತ್ತಿದ್ದವು. "ಊಟದ್ ಜೊತೆ ನನ್ ಬೈಗುಳ ಜೀರ್ಣ ಆಗಲ್ಲ ಇವ್ರಿಗೆ," ಎಂದು ಸ್ಟೆಫಾ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅವಳು ಹೋದಳು, ಆ ಅಭ್ಯಾಸ ಉಳಿಯಿತು. ತುತ್ತು ತಿನ್ನುವಾಗ ಮೆಷಿನ್ನು ತೆಗೆಯುತ್ತೇನೆ ಎಂಬುದು ಅವನ ಗಮನಕ್ಕೇ ಬರುತ್ತಿರಲಿಲ್ಲ, ಮನೆಗೆ ಬಂದಾಗ ಬೂಟು ಬಿಚ್ಚುವುದು ಹೇಗೆ ಗಮನಕ್ಕೆ ಬರುವುದಿಲ್ಲವೋ ಹಾಗೆ.

ಬೇಸಿಗೆಯೆಲ್ಲ ಆ ಮನೆಯಲ್ಲಿ ಬೀಟ್‌ರೂಟ್ ಸಾರಿನದೇ ಘಮ. ಓರೆಸ್ಟ್ ಹಿತ್ತಲಿನ ಗಡ್ಡೆ ಕಿತ್ತು, ಬೇಯಿಸಿ, ರುಬ್ಬಿ, ಜರಡಿ ಹಿಡಿದು, ಕೆನೆ ಬೆರೆಸಿ ಗಟ್ಟಿ ಮಾಡುತ್ತಿದ್ದ. ಮಾರ್ಕೊಗೆ ಆ ಕೆಂಪು ಎಂದರೆ ಪ್ರಾಣ. ಚಮಚ ಹೋಗುತ್ತಿತ್ತು, ತುಟಿ ಮುಚ್ಚುತ್ತಿತ್ತು, ಗಂಟಲಿನ ಉಬ್ಬು ಮೇಲೆ ಬಂದು ಇಳಿಯುತ್ತಿತ್ತು. "ಆ ಅನ್ನು ಮರಿ," ಎನ್ನುತ್ತಿದ್ದ ಓರೆಸ್ಟ್. ಮಾರ್ಕೊ ಕೆಂಪು ನಾಲಿಗೆ ಚಾಚಿ ಬಾಯಿ ಅಗಲಿಸುತ್ತಿದ್ದ. ಓರೆಸ್ಟ್ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಬಾಯಿ ಖಾಲಿ, ಕಣ್ಣಲ್ಲಿ ನೀರಿಲ್ಲ, ಕೆಮ್ಮಿಲ್ಲ. "ಭಲೇ! ತಗೋ ಇನ್ನೊಂದು." ಒಂದು ನಿಯಮವನ್ನೂ ಅವನು ಬಿಟ್ಟವನಲ್ಲ. ಲೆಸ್ಯಾ ತಿನ್ನಿಸಲು ಹೋದರೆ ಹುಡುಗ ಮುಖ ತಿರುಗಿಸಿ ಈದೊ ಎಲ್ಲಿ ಎಂದು ಹುಡುಕುತ್ತಿದ್ದ. ಹಾಗಾಗಿ ತಿನ್ನಿಸುವ ಕೆಲಸ ಪೂರ್ತಿ ತಾತನದೇ ಆಯಿತು, ಅದೂ ಅವಳು ಕೆಲಸಕ್ಕೆ ಹೋದ ಹೊತ್ತಿನಲ್ಲಿ.

"ಸ್ವರ ಹೆಂಗಿದೆ, ಗೀದೊ?" ಎಂದು ರೊಶೆಲ್ ಪ್ರತಿ ಸಲವೂ ವಿಚಾರಿಸುತ್ತಿದ್ದಳು.

"ಇಗರ್ಜಿ ಗಂಟೆ ಇದ್ದಂಗಿದೆ ಕಣಮ್ಮಾ," ಎನ್ನುತ್ತಿದ್ದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಕನಸಿನಲ್ಲೂ ಅನಿಸಿರಲಿಲ್ಲ. ಅವಳ ಕೋಣೆಯಲ್ಲಿ ಅವಳ ಮುಂದೆ ತಿನ್ನುವ ನಾಲ್ಕಾರು ಚಮಚಗಳಾದ ಮೇಲೆ ಹುಡುಗನ ಸ್ವರ ನಿಜಕ್ಕೂ ತಿಳಿಯಾಗಿಯೇ ಇರುತ್ತಿತ್ತು. ಮನೆಯಲ್ಲಿ ಬಟ್ಟಲು ದೊಡ್ಡದಾಗುತ್ತಾ ಹೋಗಿತ್ತು, ಅಷ್ಟೇ. ಹಬ್ಬದ ದಿನ ಹುಗ್ಗಿಯನ್ನೂ ರುಬ್ಬಿ, ಗಸಗಸೆ ಬಿಟ್ಟು, ಜರಡಿ ಹಿಡಿದು ಒಂದು ಚಮಚ ಕೊಡಬಹುದು ಎಂದು ರೊಶೆಲ್ ಒಪ್ಪಿದಾಗ ಓರೆಸ್ಟ್ ಅವಳ ಎರಡೂ ಕೈ ಹಿಡಿದು ಕುಲುಕಿದ.

ಎಲೆ ಉದುರುವ ಕಾಲಕ್ಕೆ ಮಾರ್ಕೊಗೆ ಜ್ವರ ಬಂತು. ನ್ಯುಮೋನಿಯಾ ಎಂದರು, ಔಷಧಿ ಕೊಟ್ಟರು, ಇಳಿಯಿತು. ಈ ಚಳಿಗೆ ಯಾವ ಮಗುವಿಗೆ ಬರುವುದಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಇನ್ನೊಮ್ಮೆ ಬಂತು. ಮಗು ಸೊರಗಿದೆ ಎಂದು ಓರೆಸ್ಟ್ ಸಾರಿಗೆ ಇನ್ನಷ್ಟು ಕೆನೆ ಹಾಕಿದ. ಮೂರನೆಯ ಸಲ ಬಂದಾಗ ತುಟಿ ನೀಲಿಯಾಗಿ ಆಂಬುಲೆನ್ಸ್ ಕರೆಸಬೇಕಾಯಿತು. ಲೆಸ್ಯಾ ಆಸ್ಪತ್ರೆಯ ಕುರ್ಚಿಯಲ್ಲೇ ದಿನ ಕಳೆದಳು. ಮಗು ಚೇತರಿಸಿಕೊಂಡ ಮೇಲೆ ರೊಶೆಲ್, ಇನ್ನೊಮ್ಮೆ ಎಕ್ಸ್‌ರೇಯಲ್ಲಿ ನುಂಗಿಸಿ ನೋಡದೆ ಮುಂದಿನ ಚಮಚ ಇಲ್ಲ ಎಂದಳು. ಈ ಸಲ ಅವಳು ನಗಲಿಲ್ಲ.

"ನೋಡ್ಲಿ ಬಿಡು," ಎಂದ ಓರೆಸ್ಟ್ ಮಗಳಿಗೆ. "ಗಂಟಲದ್ದೇನೂ ತಪ್ಪಿಲ್ಲ. ಒಂದ್ಸಲಾನೂ ಕೆಮ್ಮಿಲ್ಲ ನನ್ ಮಗ. ಹಬ್ಬದೊಳಗೆ ನೋಡ್ಬಿಟ್ರೆ ಒಳ್ಳೇದೇ ಆಯ್ತು."

ವಿನ್ನಿಪೆಗ್‌ನ ಆ ಕತ್ತಲೆ ಕೋಣೆಯಲ್ಲಿ ಮಾರ್ಕೊನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಹುಡುಗನಿಗೆ ರೂಢಿಯಾದವರೇ ತಿನ್ನಿಸಬೇಕು, ರೂಢಿಯಾದ ಊಟವನ್ನೇ ತಿನ್ನಿಸಬೇಕು. ಅದಕ್ಕೇ ಓರೆಸ್ಟ್ ಮನೆಯಿಂದ ಸಾರು ತಂದಿದ್ದ. ಎಕ್ಸ್‌ರೇಯಲ್ಲಿ ಕಾಣಲೆಂದು ಅದಕ್ಕೆ ಬೇರಿಯಂ ಪುಡಿ ಬೆರೆಸಿದಾಗ ಕೆಂಪು ಹೋಗಿ ಗುಲಾಬಿ ಬಣ್ಣವಾಯಿತು. ಎಕ್ಸ್‌ರೇ ತಾಗದಿರಲೆಂದು ಓರೆಸ್ಟ್‌ಗೆ ಸೀಸದ ಭಾರದ ಅಂಗಿ ತೊಡಿಸಿದರು. ಲೆಸ್ಯಾ ಗಾಜಿನ ಕಿಟಕಿಯ ಆಚೆ ನಿಂತಳು. ಊಟದ ಬಟ್ಟಲು ಮುಂದೆ ಬಂದ ಕೂಡಲೇ ಓರೆಸ್ಟ್‌ನ ಕೈ ಎಂದಿನಂತೆ ಕಿವಿಗೆ ಹೋಗಿ, ಸೀಸದ ಅಂಗಿಯೊಳಗೆ ತೂರಿ, ಜೇಬು ಮುಟ್ಟಿ ಬಂತು. ಅದನ್ನು ಯಾರೂ ನೋಡಲಿಲ್ಲ.

ಮೊದಲ ಚಮಚ ಪರದೆಯ ಮೇಲೆ ಕಪ್ಪು ಉಂಡೆಯಾಗಿ ಕಂಡಿತು, ಗಂಟಲ ಹಿಂಭಾಗದಲ್ಲಿ ಜಾರಿ ಸರಿಯಾದ ದಾರಿ ಹಿಡಿಯಿತು. ಎರಡನೆಯದೂ ಹಾಗೆಯೇ. ಓರೆಸ್ಟ್ ಗಾಜಿನ ಕಡೆ ತಿರುಗಿ ಮಗಳಿಗೆ ಹುಬ್ಬು ಹಾರಿಸಿದ. ಎಕ್ಸ್‌ರೇ ಡಾಕ್ಟರು ಯಂತ್ರ ಆರಿಸಿದರು. ರೊಶೆಲ್ ಹತ್ತಿರ ಬಂದು ಅವನಿಗೆ ಕಾಣುವಂತೆ ಬಟ್ಟಲು ತೋರಿಸಿ, ಮನೆಯಲ್ಲಿ ತಿನ್ನಿಸುವಷ್ಟೇ ತಿನ್ನಿಸಿ ಎಂದು ಕೈಸನ್ನೆಯೊಡನೆ ಹೇಳಿದಳು. ಅವನು ತಿನ್ನಿಸಿದ. ಅರ್ಧ ಬಟ್ಟಲು ಮುಗಿಯಿತು. ಮಾರ್ಕೊ ಖುಷಿಯಿಂದ ಕಾಲು ಬಡಿಯುತ್ತಿದ್ದ. ಡಾಕ್ಟರು ಯಂತ್ರವನ್ನು ಮತ್ತೆ ಹಾಕಿದರು.

ಈ ಸಲದ ಚಮಚವೂ ಉಂಡೆಯಾಗಿಯೇ ಹೋಯಿತು. ಗಂಟಲ ತಿರುವಿನಲ್ಲಿ ಮಾತ್ರ ಅದು ಎರಡಾಯಿತು. ಒಂದಷ್ಟು ಹಿಂದಿನ ದಾರಿಯಲ್ಲಿ ಇಳಿಯಿತು. ಒಂದು ಕಪ್ಪು ಎಳೆ ಮುಂದಿನ ದಾರಿಯಲ್ಲಿ, ಉಸಿರಿನ ದಾರಿಯಲ್ಲಿ, ಯಾವ ತಡೆಯೂ ಇಲ್ಲದೆ ನಿಧಾನವಾಗಿ ಕೆಳಕ್ಕೆ ಜಾರಿತು. ಓರೆಸ್ಟ್ ಪರದೆಯನ್ನು ನೋಡಿದ, ಮಗುವನ್ನು ನೋಡಿದ. ಮಗು ಕೆಮ್ಮಲಿಲ್ಲ. ಕಣ್ಣಲ್ಲಿ ನೀರು ಬರಲಿಲ್ಲ. ನಗುತ್ತಾ ಇನ್ನೊಂದು ಚಮಚಕ್ಕೆ ಬಾಯಿ ತೆರೆಯಿತು.

ರೊಶೆಲ್ ಬಾಗಿ ಮಾರ್ಕೊಗೆ ಏನೋ ಹೇಳಿದಳು. ಮಾರ್ಕೊ ಬಾಯಿ ಅಗಲಿಸಿದ. ಆಗ ಓರೆಸ್ಟ್ ಕಂಡದ್ದು ಸುತ್ತಲಿನ ಮುಖಗಳನ್ನು. ಡಾಕ್ಟರು ತಲೆ ತಗ್ಗಿಸಿದರು. ರೊಶೆಲ್ ಕಣ್ಣು ಮುಚ್ಚಿ ತೆರೆದಳು. ಎಲ್ಲರೂ ಏನನ್ನೋ ಕೇಳಿದ್ದರು. ಆ ಕೋಣೆಯಲ್ಲಿ ಅದು ಕೇಳದಿದ್ದವನು ಅವನೊಬ್ಬನೇ.

ಅವನು ಸೀಸದ ಅಂಗಿಯೊಳಗೆ ಕೈ ಹಾಕಿ ಜೇಬು ತಡಕಿದ. ಒಂದು ಮೆಷಿನ್ನು ಕೈಜಾರಿ ನೆಲಕ್ಕೆ ಬಿತ್ತು. ಇನ್ನೊಂದನ್ನು ಹೇಗೋ ಕಿವಿಗೆ ಸೇರಿಸಿದ.

"ಇನ್ನೊಂದ್ಸಲ," ಎಂದ. "ಮರಿ, ಇನ್ನೊಂದ್ಸಲ ಆ ಅನ್ನು."

ಮಾರ್ಕೊ ಅಂದ. ಹಿಂದೆ ರೊಶೆಲ್ ನೀರು ಹಿಡಿದು ತೋರಿಸಿದಾಗ ಓರೆಸ್ಟ್ ಯಾವುದಕ್ಕೆ ಬಿದ್ದು ಬಿದ್ದು ನಕ್ಕಿದ್ದನೋ ಅದೇ ಸ್ವರ. ಬೇಸಿಗೆಯೆಲ್ಲ, ಎಲೆ ಉದುರುವ ಕಾಲವೆಲ್ಲ, ಊಟ ಊಟಕ್ಕೂ ಮಗು ಇದನ್ನು ಅವನಿಗೆ ಹೇಳುತ್ತಲೇ ಇತ್ತು. ಅವನು ಬಾಯಿ ನೋಡಿ ಭಲೇ ಎಂದಿದ್ದ. ಗಾಜಿನ ಆಚೆ ಲೆಸ್ಯಾ ಅಪ್ಪನ ಕಿವಿಯನ್ನೂ, ನೆಲದ ಮೇಲೆ ಬಿದ್ದ ಮೆಷಿನ್ನನ್ನೂ ನೋಡಿದಳು. ಅವಳಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲೆ ಸಣ್ಣ ಕೋಣೆಯೊಂದರಲ್ಲಿ ರೊಶೆಲ್ ಅವರಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ಶ್ವಾಸಕೋಶದ ತಳದಲ್ಲಿ ಗಾಯ ಕಲೆಗಟ್ಟಿದೆ, ಅದು ಹೋಗುವುದಿಲ್ಲ. ಬಾಯಿಂದ ಇನ್ನು ಏನೂ ಕೊಡುವಂತಿಲ್ಲ. ನೀರಿನ ಹನಿಯೂ ಇಲ್ಲ. ಇನ್ನೊಮ್ಮೆ ಅಂಥ ಜ್ವರ ಬಂದರೆ ಮಗು ಉಳಿಯುವುದು ಕಷ್ಟ.

"ಎಷ್ಟ್ ದಿನ ಹಿಂಗೆ?" ಎಂದ ಓರೆಸ್ಟ್.

"ದಿನದ ಮಾತಲ್ಲ, ಗೀದೊ. ಮತ್ತೆ ಯಾವತ್ತಾದ್ರೂ ಆಗತ್ತೆ ಅಂತ ನಾನು ಹೇಳಲಾರೆ."

"ತಿನ್ಸಿ ಕೊಂದೆ ಅನ್ನು."

"ನಾನೂ ಇದೀನಿ ಅದ್ರಲ್ಲಿ," ಎಂದಳು ರೊಶೆಲ್. "ಪ್ರತಿ ಸಲ ಸ್ವರ ಹೆಂಗಿದೆ ಅಂತ ಕೇಳ್ದೆ. ನಿಮ್ಗೆ ಕೇಳಿಸ್ತಾ ಅಂತ ಕೇಳ್ಲಿಲ್ಲ. ಎದುರಿಗೆ ಕೂತಾಗ ಕಿವೀಲಿ ಮೆಷಿನ್ ನೋಡಿದ್ದೆ, ಅಲ್ಲಿಗೆ ಬಿಟ್ಬಿಟ್ಟೆ."

ಲೆಸ್ಯಾ ಇಬ್ಬರ ಮುಖವನ್ನೂ ನೋಡಲಿಲ್ಲ. "ವರ್ಷವೆಲ್ಲ ಕೂತು ಅವನಿಗೆ ಬಾಯಿ ತೆಗೆಯೋದು ಕಲಿಸಿದ್ರಿ," ಎಂದಳು. "ಈಗ ಮುಚ್ಚೋದು ಯಾರ್ ಕಲಿಸ್ತಾರೆ?"

ರೊಶೆಲ್, ಬಾಯಿಯ ಆಸೆ ಸಾಯದಿರಲಿ ಎಂದರೆ ಮತ್ತೆ ಒಣ ಚಮಚವನ್ನೇ ಕೊಡುತ್ತಿರಿ, ಬೇರೇನೂ ಬೇಡ ಎಂದಷ್ಟೇ ಹೇಳಿದಳು.

ಮಾರ್ಕೊ ಬಾಯಿ ಮುಚ್ಚಲಿಲ್ಲ. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾದರೆ ಓಡಿ ಬಂದು ಬಾಯಿ ತೆರೆಯುತ್ತಿದ್ದ. ಲೆಸ್ಯಾ ಕಾಫಿ ಕದಡಿದರೆ ತೆರೆಯುತ್ತಿದ್ದ. ಭಾನುವಾರ ಇಗರ್ಜಿಯಲ್ಲಿ ಪಾದ್ರಿ ಎಲ್ಲರ ಬಾಯಿಗೂ ಪುಟ್ಟ ಚಮಚದಲ್ಲಿ ಪ್ರಸಾದ ಹಾಕುತ್ತಾ ಬಂದಾಗ, ಮಾರ್ಕೊ ತಲೆಯೆತ್ತಿ ಬಾಯಿ ಅಗಲಿಸಿ ನಿಂತ. ಲೆಸ್ಯಾ ಅವನನ್ನು ಬಾಚಿ ಎತ್ತಿಕೊಂಡು ಸಾಲು ಬಿಟ್ಟು ಹೊರಗೆ ಬಂದಳು. ಹುಡುಗ ಅಮ್ಮನ ಹೆಗಲ ಮೇಲಿಂದ ಆ ಚಮಚವನ್ನೇ ನೋಡುತ್ತಾ ಅತ್ತ. ಅವನಿಗೆ ತನ್ನ ತಪ್ಪೇನು ಎಂಬುದು ಗೊತ್ತಾಗಲಿಲ್ಲ, ಗೊತ್ತು ಮಾಡಿಸುವ ಭಾಷೆ ಮನೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಲೆಸ್ಯಾ ಅಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ. ಮಾತೇ ನಿಲ್ಲಿಸಿದ್ದಳು. ಓರೆಸ್ಟ್ ಈಗ ಬೆಳಿಗ್ಗೆ ಎದ್ದವನು ಮೆಷಿನ್ನು ಹಾಕಿಕೊಂಡರೆ ಮಲಗುವವರೆಗೆ ತೆಗೆಯುತ್ತಿರಲಿಲ್ಲ. ತಟ್ಟೆಯ ಸದ್ದು ತಲೆಯೊಳಗೆ ಮೊಳೆ ಹೊಡೆಯುತ್ತಿತ್ತು. ಹೊಡೆಯಲಿ ಎಂದು ಕೂತಿರುತ್ತಿದ್ದ.

ಜನವರಿ ಆರು ಬಂತು. ಮೊದಲ ನಕ್ಷತ್ರ ಹುಡುಕುವುದು ಮನೆಯ ಕಿರಿಯ ಮಗುವಿನ ಕೆಲಸ. ಮಾರ್ಕೊ ಕಿಟಕಿಯ ಗಾಜಿಗೆ ಮೂಗೊತ್ತಿ ನಿಂತು, ಹಿಮದ ಬಯಲಿನ ಮೇಲೆ ಅದು ಕಂಡ ಕೂಡಲೇ "ಈದೊ!" ಎಂದು ಕೂಗಿದ. ಓರೆಸ್ಟ್ ಹುಗ್ಗಿ ಮಾಡಿಟ್ಟಿದ್ದ. ಮಾಡದೆ ಬಿಡುವ ಹಾಗಿರಲಿಲ್ಲ. ಮಾಡುವಾಗ ಗೋಧಿಯ ಮೇಲೆ ಕಣ್ಣೀರು ಬಿತ್ತು, ಅದನ್ನೂ ಸೇರಿಸಿಯೇ ಕದಡಿದ. ಆದರೆ ಬಟ್ಟಲನ್ನು ಮಗಳ ಮುಂದೆ ಇಟ್ಟು ಕೈ ಕಟ್ಟಿ ನಿಂತ.

"ಈ ಸಲ ನೀನೇ ಕೊಡು, ಲೆಸ್ಯಾ. ನನ್ ಕೈಯಿಂದ ಬೇಡ. ಈ ಕೈಯಿಂದ ಇನ್ನು ಯಾರಿಗೂ ಏನೂ ಕೊಡಲ್ಲ."

ಲೆಸ್ಯಾ ಬಟ್ಟಲನ್ನು ಅವನ ಕಡೆಗೆ ತಳ್ಳಿದಳು.

"ಹಿರಿಯ ನೀನು," ಎಂದಳು. "ನೀನೇ ಕೊಡ್ಬೇಕು. ತಪ್ಪಿಸ್ಕೊಳ್ಳೋ ಹಾಗಿಲ್ಲ, ಅಪ್ಪ."

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅವನನ್ನು ಅಪ್ಪ ಎಂದದ್ದು ಅದೇ ಮೊದಲು. ಅದು ಕ್ಷಮೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಾರದು. ಅವನು ಬಟ್ಟಲೆತ್ತಿಕೊಂಡ. ಲೆಸ್ಯಾಗೆ ಒಂದು ಚಮಚ ಕೊಟ್ಟ. ತನ್ನ ಪಾಲನ್ನು ಬಾಯಿಗೆ ಹಾಕಿಕೊಂಡ. ಸ್ಟೆಫಾಳ ತಟ್ಟೆಗೆ ಬಡಿಸಿದ. ಮಾರ್ಕೊನ ಮುಂದೆ ಬಂದು ನಿಂತ. ಹುಡುಗ ಆಗಲೇ ಬಾಯಿ ತೆರೆದು ಕೂತಿದ್ದ. ಲೆಸ್ಯಾ ಎದ್ದು ಡ್ರಾಯರಿನಿಂದ ಮಾರ್ಕೊ ಪಾಠ ಕಲಿತ ಆ ಚಪ್ಪಟೆ ಪುಟ್ಟ ಚಮಚ ತೆಗೆದು, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಅಪ್ಪನ ಕೈಗೆ ಕೊಟ್ಟಳು.

ಓರೆಸ್ಟ್ ಒಣ ಚಮಚವನ್ನು ಮೊಮ್ಮಗನ ಬಾಯಿಗಿಟ್ಟ. ಮಾರ್ಕೊ ತುಟಿ ಮುಚ್ಚಿ ಚೀಪಿದ. ಒಂದು ಗಳಿಗೆ ತಾತನ ಮುಖವನ್ನು ನೋಡಿದ. ನುಂಗಿದ. ಆಮೇಲೆ, ಯಾರೂ ಹೇಳುವ ಮೊದಲೇ, ಕಲಿಸಿದ ಪ್ರಕಾರ ಬಾಯಿ ಅಗಲಿಸಿ "ಆ" ಎಂದ.

ಓರೆಸ್ಟ್‌ಗೆ ಈ ಸಲ ಕೇಳಿಸಿತು. ಸ್ವರ ತಿಳಿಯಾಗಿತ್ತು. ಸ್ವರ ತಿಳಿಯಾಗಿದ್ದರೆ ಮುಂದಿನ ಚಮಚ ಬರುತ್ತದೆ ಎಂಬುದು ಹುಡುಗನಿಗೆ ಗೊತ್ತಿತ್ತು. ಅವನು ಬಾಯಿ ತೆರೆದುಕೊಂಡೇ ಕಾಯುತ್ತಿದ್ದ.